ಕೈ ಸಿದ್ಧವಾದರೂ ರೀಚಿ ಕೂಗದಿರುವುದು ಯಾವಾಗ?

ಜಪಾನಿನ ಮಾಜಾಂಗ್‌ನಲ್ಲಿ 13 ಬಿಲ್ಲೆಗಳು ಹೊಂದಿಕೊಂಡು, ಗೆಲ್ಲಲು ಇನ್ನೊಂದೇ ಬಿಲ್ಲೆ ಬೇಕಾಗಿರುವ ಸ್ಥಿತಿಗೆ ತೆನ್ಪಾಯ್ ಎನ್ನುತ್ತಾರೆ. ಇತರರು ಎಸೆದ ಬಿಲ್ಲೆಗಳನ್ನು ಎತ್ತಿಕೊಳ್ಳದೆ ಈ ಸ್ಥಿತಿಗೆ ಬಂದವರು 1000 ಅಂಕಗಳ ಕಡ್ಡಿಯನ್ನು ಮೇಜಿನ ಮೇಲಿಟ್ಟು ‘ರೀಚಿ’ ಎಂದು ಸಾರಬಹುದು. ಸಾರದೆ ಕಾಯುವುದೇ ದಮತೆನ್. ನಮ್ಮ ರಮ್ಮಿಯಲ್ಲಿಯೂ 13 ಎಲೆಗಳೇ ಇದ್ದರೂ ಗೆಲುವಿಗೆ ಮುನ್ನ ಹೀಗೆ ಸಾರುವ ಪದ್ಧತಿ ಇಲ್ಲದಿರುವುದರಿಂದ, ಈ ಆಯ್ಕೆ ಹೊಸಬರನ್ನು ಬಹಳ ಗೊಂದಲಕ್ಕೆ ದೂಡುತ್ತದೆ.

ಮೊದಲು ಕೈಯಲ್ಲಿ ಯಾಕು, ಅಂದರೆ ಗೆಲುವಿಗೆ ಅರ್ಹತೆ ಕೊಡುವ ವಿನ್ಯಾಸ, ಇದೆಯೇ ಎಂದು ನೋಡಿಕೊಳ್ಳಿ. ರೀಚಿ ತಾನೇ ಒಂದು ಯಾಕು. ಬೇರೆ ಯಾಕು ಇಲ್ಲದೆ ಮೌನವಾಗಿದ್ದರೆ ಎದುರಾಳಿ ನಿಮಗೆ ಬೇಕಾದ ಬಿಲ್ಲೆಯನ್ನೇ ಎಸೆದರೂ ಗೆಲ್ಲಲಾಗದು. ನೀವೇ ಅದನ್ನು ಎಳೆದುಕೊಳ್ಳಬೇಕು.

ಯಾಕು ಇದ್ದರೆ, ರೀಚಿಯಿಂದ ಅಂಕ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಿ. ನನ್ನ ದೃಷ್ಟಿಯಲ್ಲಿ ನಿರ್ಧಾರದ ತಿರುಳು ಇಲ್ಲಿದೆ. ಬಿಲ್ಲೆಗಳಲ್ಲಿ ಅಕ್ಷರ, ವೃತ್ತ, ಬಿದಿರು ಎಂಬ ಮೂರು ಗುಂಪುಗಳಿವೆ. ಅಕ್ಷರದ 2-3-4, ವೃತ್ತದ 3-4-5 ಮತ್ತು 6-7-8, ಬಿದಿರಿನ 5-6, ಜೊತೆಗೆ ಅಕ್ಷರದ 8ರ ಜೋಡಿ ನಿಮ್ಮಲ್ಲಿದೆ ಎಂದುಕೊಳ್ಳಿ. ಬಿದಿರಿನ 4 ಅಥವಾ 7 ಬಂದರೆ ಗೆಲುವು. ಪಿನ್‌ಫು (ಜೋಡಿ ಬಿಟ್ಟು ಉಳಿದದ್ದೆಲ್ಲ ಸರಣಿಗಳು) ಮತ್ತು ತಾನ್ಯಾವೊ (2ರಿಂದ 8ರವರೆಗಿನ ಬಿಲ್ಲೆಗಳಷ್ಟೇ) ಎಂಬ ಎರಡು ಯಾಕುಗಳು ಸೇರಿ ಎರಡು ಹಾನ್ (ಕೈಯ ಬೆಲೆ ಅಳೆಯುವ ಮಾನ) ಆಗುವುದರಿಂದ, ಹಂಚುವ ಸರದಿ ನಿಮ್ಮದಲ್ಲದಿದ್ದಾಗ, ಎದುರಾಳಿಯ ಎಸೆತದ ಮೇಲಿನ ಗೆಲುವಿಗೆ 2000 ಅಂಕ ಸಿಗುತ್ತದೆ. ರೀಚಿ ಸೇರಿದರೆ ಅದು 3900ಕ್ಕೆ ಏರುತ್ತದೆ. ಹೆಚ್ಚುಕಡಿಮೆ ಇಮ್ಮಡಿಯಾಗುವ ಇಂಥ ಕೈಯನ್ನು ಬಚ್ಚಿಡುವುದು ನಷ್ಟ. ಅದೇ ಅಕ್ಷರದ 8 ಆ ಸುತ್ತಿನ ದೊರಾ (ಹೆಚ್ಚುವರಿ ಹಾನ್ ಕೊಡುವ ಬಿಲ್ಲೆ) ಆಗಿದ್ದರೆ ಜೋಡಿಯಿಂದ ಎರಡು ಹಾನ್ ಹೆಚ್ಚಾಗಿ, ಮೌನದಲ್ಲೇ 7700 ಅಂಕ ದಕ್ಕುತ್ತದೆ. ರೀಚಿಯಿಂದ ಖಚಿತವಾಗಿ ಸಿಗುವ ಹೆಚ್ಚಳ 300 ಮಾತ್ರ. ಒಳದೊರಾ (ರೀಚಿ ಸಾರಿ ಗೆದ್ದವರಿಗಷ್ಟೇ ಸಿಗುವ ದೊರಾ) ತೆರೆದುಕೊಂಡರೆ ಅಥವಾ ಬಿಲ್ಲೆಯನ್ನು ನೀವೇ ಎಳೆದರೆ 12000ಕ್ಕೆ ಏರುವ ಸಾಧ್ಯತೆ ಇದೆ ನಿಜ. ಆದರೂ ಎದುರಾಳಿಗಳು ಎಚ್ಚರಗೊಳ್ಳದೆ ಬಿದಿರಿನ 4 ಅಥವಾ 7ನ್ನು ಬಿಸಾಡುವ ಅವಕಾಶಕ್ಕೆ ಇಲ್ಲಿ ಹೆಚ್ಚು ಬೆಲೆಯಿದೆ ಎಂದೇ ನಾನು ಭಾವಿಸುತ್ತೇನೆ.

ಮುಂದಿನದು ಕಾಯುವಿಕೆಯ ಗುಣ. ಬಿದಿರಿನ 4 ಮತ್ತು 6 ಹಿಡಿದು ನಡುವಿನ 5ಕ್ಕೆ ಕಾಯುತ್ತಿದ್ದರೆ ಇಡೀ ಆಟದಲ್ಲಿ ಅಂಥವು ನಾಲ್ಕೇ ಇರುತ್ತವೆ. ಮೌನವಾಗಿದ್ದು ಬಿದಿರಿನ 7 ಬಂದಾಗ 4ನ್ನು ಎಸೆದರೆ, 5 ಮತ್ತು 8 ಎರಡಕ್ಕೂ ಕಾಯಬಹುದು. ಗರಿಷ್ಠ ಎಂಟು ಬಿಲ್ಲೆಗಳು. ರೀಚಿ ಸಾರಿದವರು ಕೈ ಬದಲಿಸುವಂತಿಲ್ಲ. ಆರಂಭದ ಹಂಚಿಕೆಯ ನಂತರ ನಾಲ್ವರೂ ಸೇರಿ ಎಳೆಯಲು 70 ಬಿಲ್ಲೆಗಳು, ಅಂದರೆ ಒಬ್ಬೊಬ್ಬರಿಗೆ ಸುಮಾರು 17 ಸರದಿಗಳು, ಇರುತ್ತವೆ. ಆದ್ದರಿಂದ ಐದಾರನೇ ಸರದಿಯಲ್ಲಿ ಇಂಥ ಸುಧಾರಣೆಗೆ ಕಾಯುವುದು ಸರಿ, ಹದಿಮೂರನೆಯದರಲ್ಲಿ ಅಷ್ಟು ಸರಿಯಲ್ಲ.

ಬೇರೊಬ್ಬರು ರೀಚಿ ಸಾರಿದಾಗ ಮೌನದ ಮತ್ತೊಂದು ಲಾಭ ಕಾಣುತ್ತದೆ. ನೀವೂ ರೀಚಿಯಲ್ಲಿದ್ದರೆ ಎಳೆದ ಅಪಾಯಕಾರಿ ಬಿಲ್ಲೆಯನ್ನೂ ಎಸೆಯಲೇಬೇಕು. ಮೌನವಾಗಿದ್ದರೆ ಅದನ್ನು ಇಟ್ಟುಕೊಂಡು, ಆ ಆಟಗಾರರು ಈಗಾಗಲೇ ಎಸೆದ ಬಿಲ್ಲೆಯನ್ನೇ ಎಸೆದು ಪಾರಾಗಬಹುದು.

ಕೊನೆಯ ಸುತ್ತಿನಲ್ಲಿ ಅಂಕಪಟ್ಟಿಯೇ ಪ್ರಧಾನ. ನೀವು ಕೇವಲ 900 ಅಂಕ ಮುಂದಿದ್ದರೆ 1000ದ ಕಡ್ಡಿ ಇಟ್ಟ ಕ್ಷಣದಲ್ಲೇ ಮೊದಲ ಸ್ಥಾನ ಕಳೆದುಕೊಳ್ಳುತ್ತೀರಿ. 3000 ಹಿಂದಿದ್ದು ಕೈಯಲ್ಲಿರುವುದು 2000 ಆಗಿದ್ದರೆ ಮೂರನೆಯವರ ಎಸೆತದಿಂದ ಬರುವ ಗೆಲುವು ಸಾಲದು. ಅಲ್ಲಿ ರೀಚಿ ಸಾರಿ 3900 ಮಾಡಿಕೊಳ್ಳುವುದೇ ದಾರಿ.

ಮೌನವಾಗಿರಲು ನಿರ್ಧರಿಸಿದರೆ ಎಸೆಯುವ ವೇಗವನ್ನು ಬದಲಿಸಬೇಡಿ. ಬೇರೊಬ್ಬರು ಎಸೆದ ಗೆಲ್ಲುವ ಬಿಲ್ಲೆಯನ್ನು ಬಿಟ್ಟುಕೊಟ್ಟರೆ, ನಿಮ್ಮ ಮುಂದಿನ ಎಳೆತದವರೆಗೆ ಇತರರ ಎಸೆತದ ಮೇಲೆ ಗೆಲ್ಲುವ ಹಕ್ಕು ಇರುವುದಿಲ್ಲ. ರೀಚಿಯಲ್ಲಾದರೆ ಆ ಹಕ್ಕು ಆ ಕೈ ಮುಗಿಯುವವರೆಗೂ ಹೋಗುತ್ತದೆ. ಕಾಯುವಿಕೆ ಸುಧಾರಿಸಿದ ಮೇಲೆ, ಎಳೆಯಲು ಕನಿಷ್ಠ ನಾಲ್ಕು ಬಿಲ್ಲೆಗಳು ಉಳಿದಿದ್ದು ನಿಮ್ಮಲ್ಲಿ 1000 ಅಂಕಗಳಿದ್ದರೆ, ಆ ಸರದಿಯ ಎಸೆತದೊಂದಿಗೇ ರೀಚಿ ಸಾರಬಹುದು.