ಎಡಗೈ ಎಲ್ಲಿತ್ತು?

ನನ್ನ ಎಡಗೈ ತೋರುಬೆರಳು ಪೂರ್ತಿ ಮಡಚುವುದಿಲ್ಲ. ಅಂಗಿ ಗುಂಡಿ ಹಾಕುವಾಗ ಅದು ನೆನಪಾಗುತ್ತದೆ.

ಆಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಫಿಟ್ಟರ್ ಆಗಿದ್ದೆ. ನೈಟ್ ಶಿಫ್ಟ್, ಕನ್ವೇಯರ್ ನಿಂತಿತ್ತು. 6208 ನಂಬರಿನ ಬೇರಿಂಗ್ ಪುಡಿಯಾಗಿ, ಒಳಗಿನ ರೇಸ್, ಅಂದರೆ ಉಕ್ಕಿನ ಬಳೆ ಮಾತ್ರ ಶಾಫ್ಟನ್ನು ಕಚ್ಚಿಕೊಂಡು ಕೂತಿತ್ತು. ಅದನ್ನು ಎಳೆದು ತೆಗೆಯುವ ಪುಲ್ಲರ್ ಹಿಡಿಯಲು ಜಾಗವೇ ಇರಲಿಲ್ಲ. ಇಂಥ ಹೊತ್ತಲ್ಲಿ ಲೋಹ ಕೊಯ್ಯುವ ಕೈ ಗ್ರೈಂಡರ್‌ನಲ್ಲಿ ರೇಸ್ ಮೇಲೆ ಓರೆಯಾಗಿ ಒಂದು ಗೀರು ಕೊಯ್ದು, ಚಿಸೆಲ್ ಇಟ್ಟು ಒಂದೇಟು ಹಾಕುತ್ತೇವೆ. ಟಪ್ ಅಂತ ಸೀಳಿಕೊಳ್ಳುತ್ತದೆ. ಅದೇನೂ ತಪ್ಪಲ್ಲ.

ತಪ್ಪು ಇದ್ದದ್ದು ವೈಸ್ ವಿಷಯದಲ್ಲಿ, ಅಂದರೆ ಕೆಲಸದ ವಸ್ತುವನ್ನು ಅಲ್ಲಾಡದಂತೆ ಕಚ್ಚಿ ಹಿಡಿಯುವ ಸಾಧನ. ಅದು ಶೆಡ್ಡಿನ ಆ ಕೊನೆಯಲ್ಲಿತ್ತು. ಎರಡು ನಿಮಿಷದ ಕೆಲಸಕ್ಕೆ ಶಾಫ್ಟ್ ಹೊತ್ತುಕೊಂಡು ಹೋಗುವುದ್ಯಾಕೆ ಅಂತ ಟೇಬಲ್ ಮೇಲೇ ಇಟ್ಟೆ. ಎಡಗೈಯಲ್ಲಿ ಶಾಫ್ಟ್, ಬಲಗೈಯಲ್ಲಿ ಗ್ರೈಂಡರ್. ಕೊಯ್ಯುವ ವ್ಹೀಲನ್ನು ಮುಚ್ಚುವ ಗಾರ್ಡನ್ನು ಯಾರೋ ಯಾವಾಗಲೋ ಬಿಚ್ಚಿದ್ದರು. ಇನ್ನೊಂದು ಕೈಯಲ್ಲಿ ಗ್ರೈಂಡರ್ ಹಿಡಿಯುವ ಸೈಡ್ ಹ್ಯಾಂಡಲ್ ಟೂಲ್ ಬಾಕ್ಸಿನ ತಳದಲ್ಲಿತ್ತು.

ಶಾಫ್ಟ್ ಒಂದು ಕೂದಲೆಳೆಯಷ್ಟು ಉರುಳಿತು. ಅಷ್ಟಕ್ಕೇ ವ್ಹೀಲ್ ಗೀರಿನಲ್ಲಿ ಸಿಕ್ಕಿಹಾಕಿಕೊಂಡು ಗ್ರೈಂಡರ್ ಎಗರಿತು. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 180. ಕೈ ಹಿಂದಕ್ಕೆ ಎಳೆಯೋಣ ಅಂತ ತಲೆಗೆ ಹೊಳೆಯುವಷ್ಟರಲ್ಲಿ ಮುಗಿದಿರುತ್ತದೆ. ಅದರ ಸ್ವಿಚ್ ಜಾರಿಸಿ ಲಾಕ್ ಮಾಡುವಂಥದ್ದು, ಕೈ ಬಿಟ್ಟರೂ ಆಫ್ ಆಗುವುದಿಲ್ಲ. ನೆಲಕ್ಕೆ ಬಿದ್ದು ಅಲ್ಲೇ ಗಿರಗಿರ ಓಡಾಡುತ್ತಿತ್ತು. ಹೆಲ್ಪರ್ ಹುಡುಗ ಪ್ಲಗ್ ಕಿತ್ತ.

ನೋವು ತಕ್ಷಣ ಬರಲಿಲ್ಲ. ಬೆರಳಿನ ಮೇಲ್ಭಾಗ ಬಾಯಿ ಬಿಟ್ಟಿತ್ತು, ಒಳಗೆ ಬಿಳಿ ದಾರದಂಥದ್ದು ಕಂಡಿತು. ಬೆರಳು ಎತ್ತಲು ನೋಡಿದೆ, ಏಳಲಿಲ್ಲ. ಆ ದಾರವೇ ಬೆರಳನ್ನು ಮೇಲೆತ್ತುವ ಟೆಂಡನ್, ಅದು ಕತ್ತರಿಸಿಹೋಗಿತ್ತು. "ಅಣ್ಣಾ, ಕಾಫಿ ಪುಡಿ ಒತ್ತಲಾ?" ಅಂದ ಹುಡುಗ. ಬೇಡಪ್ಪಾ ಅಂದೆ. ಒಗೆದ ಬಟ್ಟೆ ಒತ್ತಿ ಹಿಡಿದು, ಕೈ ಮೇಲೆತ್ತಿಕೊಂಡೇ ಆಟೋ ಹತ್ತಿದೆ. ಪುಡಿ ಹಾಕಿದ್ದರೆ ಡಾಕ್ಟರು ಅದನ್ನೂ ತೊಳೆಯಬೇಕಿತ್ತು. ನಾನು ಹಾಕಿಕೊಂಡಿದ್ದ ಹತ್ತಿ ಗ್ಲೌಸಿನ ಎಳೆಗಳನ್ನು ಗಾಯದಿಂದ ಒಂದೊಂದಾಗಿ ಚಿಮಟದಲ್ಲಿ ಆರಿಸುವುದಕ್ಕೇ ಅವರಿಗೆ ಸಾಕಾಗಿತ್ತು. ಈಗ ಗ್ರೈಂಡರ್‌ಗೆ ಕೈಗೆ ಬಿಗಿಯಾಗಿ ಕೂರುವ ಚರ್ಮದ ಗ್ಲೌಸ್ ಹಾಕುತ್ತೇನೆ. ಡ್ರಿಲ್ಲಿಂಗ್ ಮಷೀನ್ ಮುಂದೆ ಯಾವ ಗ್ಲೌಸೂ ಇಲ್ಲ. ಬಿಟ್ ಒಂದು ಎಳೆ ಸುತ್ತಿಕೊಂಡರೆ ಸಾಕು, ಕೈಯೂ ಹಿಂದೆಯೇ ಹೋಗುತ್ತದೆ.

ಮಾರನೇ ದಿನ ಸೂಪರ್‌ವೈಸರ್ ಬಂದು, "ಮನೇಲಿ ಆಯ್ತು ಅಂತ ಬರೆಸಿಬಿಡು" ಅಂದರು. ಒಪ್ಪಲಿಲ್ಲ. ಇದು ನನ್ನ ಧೈರ್ಯವೇನಲ್ಲ, ಪಕ್ಕದಲ್ಲಿದ್ದ ಹಿರಿಯ ಫಿಟ್ಟರ್ ಬೈದಿದ್ದರಿಂದ. ಕೆಲಸದಲ್ಲಿ ಆದ ಗಾಯ ಅಂತ ದಾಖಲಾದರೆ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಕಾರ್ಮಿಕರ ವಿಮೆಯಾದ ಇಎಸ್‌ಐನಿಂದ ಕೂಲಿಯ ಶೇ. 90ರಷ್ಟು ಸಿಗುತ್ತದೆ. ಮನೆಯಲ್ಲಿ ಆಯಿತು ಅಂದಿದ್ದರೆ ಅದು ಹೋಗುತ್ತಿತ್ತು. ಕಾನೂನಿನ ಪಟ್ಟಿಯಲ್ಲಿ ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 14 ನಷ್ಟ, ಒಂದು ಗೆಣ್ಣಾದರೆ ಶೇ. 9 ಅಂತ ಬರೆದಿದೆ. ಬೆರಳು ಅಲ್ಲಾಡದಂತೆ ಸ್ಪ್ಲಿಂಟ್ ಪಟ್ಟಿ ಹಾಕಿಕೊಂಡು ಸುಮ್ನೆ ಕೂತಿದ್ದಾಗ ಇಂಥದ್ದೆಲ್ಲ ಓದಿದೆ.

ಆಗಲೇ ಇನ್ನೊಂದು ಹೊಳೆಯಿತು. ನಾನು ನೋಡಿದ ಗಾಯಗಳಲ್ಲಿ ಜಾಸ್ತಿ ಎಡಗೈಯವೇ. ಬಲಗೈ ಸ್ವಿಚ್ ಹಿಡಿದಿರುತ್ತದೆ, ಅದಕ್ಕೆ ಕೆಲಸವಿದೆ. ಕೆಲಸವಿಲ್ಲದ ಎಡಗೈಯನ್ನೇ ನಾವು ವೈಸ್ ಮಾಡಿಬಿಡುತ್ತೇವೆ, ಅಲ್ವಾ? ಅದಕ್ಕೇ ಈಗ ಮೊದಲು ಎಡಗೈಗೆ ಜಾಗ ಗೊತ್ತು ಮಾಡುತ್ತೇನೆ, ಅದು ಸೈಡ್ ಹ್ಯಾಂಡಲ್. ಹ್ಯಾಂಡಲ್ ಹಿಡಿದರೆ ಶಾಫ್ಟ್ ಹಿಡಿಯಲು ಕೈ ಉಳಿಯುವುದಿಲ್ಲ, ತಾನಾಗಿಯೇ ವೈಸ್ ಹತ್ತಿರ ಹೋಗಬೇಕಾಗುತ್ತದೆ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುವ ಪ್ಯಾಡಲ್ ಸ್ವಿಚ್‌ನ ಗ್ರೈಂಡರನ್ನೇ ಕೇಳಿ ತರಿಸಿಕೊಂಡಿದ್ದೇನೆ. ವ್ಹೀಲ್ ಬದಲಿಸುವಾಗ ಪ್ಲಗ್ ನನ್ನ ಕಣ್ಣೆದುರಿಗೇ ಬಿದ್ದಿರಬೇಕು.

ಒಂದು ಜಗಳ ಮಾತ್ರ ಮುಗಿದಿಲ್ಲ. ಪ್ಯಾಕಿಂಗ್‌ನವರು ಸಾಮಾನು ಇಡುವ ಮರದ ಪ್ಯಾಲೆಟ್ ಕೊಯ್ಯಲು ಗ್ರೈಂಡರ್‌ಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುತ್ತಾರೆ. ಮರದ ಗಂಟಿಗೆ ಸಿಕ್ಕರೆ ನನ್ನದಕ್ಕಿಂತ ಜೋರಾಗಿ ಎಗರುತ್ತದೆ. ಅಂಥ ಎರಡು ಬ್ಲೇಡ್ ಈಗ ನನ್ನ ಲಾಕರ್‌ನಲ್ಲಿವೆ. ಸೋಮವಾರ ಕೇಳಲು ಬಂದಿದ್ದರು, ಕೊಡಲಿಲ್ಲ.