ಕ್ಯಾಮೆರಾ ಕೊಳ್ಳುವ ಮುನ್ನ ಒಂದು ಕಾಗದ, ಮೂರು ಕೆಜಿ ಅಕ್ಕಿ

ಕ್ಯಾಮೆರಾ ಅಂಗಡಿಗೆ ಹೋದರೆ ಒಂದು ಮಾತು ಕಿವಿಗೆ ಬೀಳದೆ ಇರುವುದಿಲ್ಲ: ‘ಸಾರ್, ತಗೊಳ್ಳೋದಾದ್ರೆ ಫುಲ್ ಫ್ರೇಮೇ ತಗೊಂಡ್ಬಿಡಿ.’ ಫುಲ್ ಫ್ರೇಮ್ ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾ; ಸೆನ್ಸರ್ ಅಂದರೆ ಫಿಲ್ಮಿನ ಜಾಗದಲ್ಲಿ ಕೂತು ಬೆಳಕು ಹಿಡಿಯುವ ಫಲಕ. ಏಳು ವರ್ಷದ ಹಿಂದೆ ನಾನೂ ತಗೊಂಡುಬಿಟ್ಟೆ. ಲೆನ್ಸ್ ಇಲ್ಲದ ಬರೀ ಕ್ಯಾಮೆರಾಕ್ಕೇ (ಅದನ್ನೇ ‘ಬಾಡಿ’ ಅನ್ನುವುದು) ದುಡ್ಡು ಮುಗಿಯಿತು. ಉಳಿದದ್ದರಲ್ಲಿ ಬಂದದ್ದು 24-105 ಮಿ.ಮೀ.ನ ಒಂದೇ ಲೆನ್ಸ್ (ಈ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಅದನ್ನೇ ಕುತ್ತಿಗೆಗೆ ಹಾಕಿಕೊಂಡು ರಂಗನತಿಟ್ಟಿನಲ್ಲಿ ದೋಣಿ ಹತ್ತಿದೆ. ಪಕ್ಕದಲ್ಲಿ ಕೂತ ಕಾಲೇಜು ಹುಡುಗನ ಹತ್ತಿರ ಚಿಕ್ಕ ಸೆನ್ಸರಿನ ಹಳೇ ಕ್ಯಾಮೆರಾ, ಅದಕ್ಕೊಂದು 70-300. ಮನೆಗೆ ಬಂದು ನೋಡಿದರೆ ನನ್ನ ಚಿತ್ರದಲ್ಲಿ ಬಂಡೆ ಚೆನ್ನಾಗಿ ಬಂದಿತ್ತು. ಬಂಡೆಯ ಮೇಲಿದ್ದ ನದಿ ರೀವ ಅಕ್ಷತೆ ಕಾಳಿನಷ್ಟಿತ್ತು. ಆ ಹುಡುಗನ ಕ್ಯಾಮೆರಾದಲ್ಲಿ ಅದೇ ಹಕ್ಕಿಯ ಹಳದಿ ಕೊಕ್ಕನ್ನು ದೋಣಿಯಲ್ಲೇ ನೋಡಿ ಹೊಟ್ಟೆ ಉರಿದಿತ್ತು.

ನನ್ನ ತಪ್ಪು ಇಷ್ಟೇ. ನನ್ನ ಚಿತ್ರಗಳಿಗೆ ಕೊರತೆ ಬೆಳಕಿನದೋ, ದೂರದ್ದೋ ಎಂದು ಕೇಳಿಕೊಳ್ಳದೆ ಅಂಗಡಿಗೆ ಹೋಗಿದ್ದೆ. ನೀವು ಹೋಗುವ ಮುಂಚೆ ಈ ಕೆಲಸಗಳನ್ನು ಮಾಡಿ.

ಮೊದಲು ಒಂದು ಕಾಗದ, ಸ್ಕೇಲು

36 ಮಿ.ಮೀ. ಉದ್ದ, 24 ಮಿ.ಮೀ. ಅಗಲದ ಆಯತ ಎಳೆಯಿರಿ. ಅದು ಫುಲ್ ಫ್ರೇಮ್ ಸೆನ್ಸರಿನ ಅಳತೆ. ಅದರೊಳಗೆ 23.5 ಮತ್ತು 15.6ರ ಇನ್ನೊಂದು. ಅದು ಎಪಿಎಸ್-ಸಿ (ಕ್ಯಾನನ್‌ನದು ಇನ್ನೂ ಸ್ವಲ್ಪ ಚಿಕ್ಕದು). ಅದರೊಳಗೆ 17.3 ಮತ್ತು 13ರದ್ದು ಎಳೆದರೆ ಮೈಕ್ರೋ ಫೋರ್ ಥರ್ಡ್ಸ್. ಈಗ ಕಣ್ಣಿಗೇ ಗೊತ್ತಾಗುತ್ತದೆ: ಎಲ್ಲಕ್ಕಿಂತ ಒಳಗಿನ ಆಯತದಂಥವು ಸುಮಾರು ನಾಲ್ಕು ಸೇರಿದರೆ ಹೊರಗಿನದು.

36-24 ಏನೂ ದೇವರು ಕೊಟ್ಟ ಲೆಕ್ಕವಲ್ಲ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾ ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿತು, ಆ ಅಳತೆಯೇ ರೂಢಿಯಾಯಿತು. ಹಾಗಾಗಿ ‘ಫುಲ್’ ಅನ್ನುವ ಪದಕ್ಕೆ ಮರುಳಾಗುವುದು ಬೇಡ.

ಅಗಲ ಜಾಸ್ತಿ ಇದ್ದರೆ ಸಿಗುವುದೇನು? ಒಟ್ಟು ಬೆಳಕು ಜಾಸ್ತಿ. ಒಂದೇ ಕಾಲದ ಎರಡು ಕ್ಯಾಮೆರಾ ಹೋಲಿಸಿದರೆ, ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಐಎಸ್ಒ (ಬೆಳಕು ಸಾಲದಾಗ ಏರಿಸುವ ಅಂಕಿ) 1600ಕ್ಕೆ ಚಿತ್ರದಲ್ಲಿ ಕಾಣುವ ಕಾಳು ಕಾಳು ಚುಕ್ಕೆ ಫುಲ್ ಫ್ರೇಮಿನಲ್ಲಿ ಹೆಚ್ಚುಕಡಿಮೆ 6400ಕ್ಕೆ ಕಾಣುತ್ತದೆ. ಎಪಿಎಸ್-ಸಿ ನಡುವೆ ಎಲ್ಲೋ ಬರುತ್ತದೆ.

ಹಳೇ ಚಿತ್ರಗಳನ್ನು ತೆರೆಯಿರಿ

ಇದೇ ಮುಖ್ಯ ಕೆಲಸ, ಅರ್ಧ ದಿನ ಕೊಡಿ. ನಿಮಗೆ ಇಷ್ಟವಾದ ನೂರು ಚಿತ್ರ ಆರಿಸಿ. ಕ್ಯಾಮೆರಾ ಇಲ್ಲದವರಿಗೆ ಫೋನಿನ ಚಿತ್ರವಾದರೂ ಸಾಕು. ಪ್ರತಿ ಚಿತ್ರದ ವಿವರದಲ್ಲಿ ಐಎಸ್ಒ ಎಷ್ಟು, ಲೆನ್ಸ್ ಎಷ್ಟು ಮಿ.ಮೀ. ಎಂದು ಬರೆದಿರುತ್ತದೆ. ಅದನ್ನು ಗುರುತು ಹಾಕಿಕೊಳ್ಳಿ. ಜೊತೆಗೆ ಇನ್ನೊಂದು: ಎದುರಿಗಿದ್ದದ್ದು ಅಲುಗಾಡುತ್ತಿತ್ತೋ ಇಲ್ಲವೋ?

ಬಹಳ ಜನ ಬಿಡುವುದು ಈ ಕೊನೆಯದನ್ನೇ. ಬೇಲೂರಿನ ಗುಡಿಯ ಒಳಗೆ ಹೋಗಿ ನೋಡಿ, ನವರಂಗದಲ್ಲಿ ಹಗಲಲ್ಲೂ ಕತ್ತಲೆ. ಕತ್ತಲೆ ಅಂದ ಕೂಡಲೇ ಫುಲ್ ಫ್ರೇಮ್ ಬೇಕು ಅನ್ನಿಸುತ್ತದೆ ಅಲ್ವಾ? ಬೇಕಿಲ್ಲ. ಕಂಬದ ಕೆತ್ತನೆ ಒಂಬೈನೂರು ವರ್ಷದಿಂದ ನಿಂತಲ್ಲೇ ನಿಂತಿದೆ. ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ ಕ್ಯಾಮೆರಾದೊಳಗೇ ಇದ್ದರೆ, ಉಸಿರು ಬಿಗಿಹಿಡಿದು ಸೆಕೆಂಡಿನ ಎಂಟನೇ ಒಂದು ಭಾಗಕ್ಕೆ ಒತ್ತಬಹುದು. ಐಎಸ್ಒ 400 ದಾಟದೆ ಕೆಲಸ ಆಗಬಹುದು. ಅಲ್ಲಿ ಯಾವ ಸೆನ್ಸರ್ ಆದರೂ ಒಂದೇ.

ರಾತ್ರಿ ಹನ್ನೆರಡಕ್ಕೆ ಗದ್ದೆಯಲ್ಲಿ ಹಾಕಿದ ಯಕ್ಷಗಾನದ ಆಟದ ರಂಗಸ್ಥಳದ ಎದುರು ಕೂತರೆ ಕಥೆ ಬೇರೆ. ವೇಷ ಧೀಂಗಿಣ ಹೊಡೆಯುವಾಗ ಶಟರ್ 1/500 ಆದರೂ ಬೇಕು. ಲೆನ್ಸಿನ ಕಿಂಡಿಯನ್ನು (ಅದೇ ಅಪರ್ಚರ್; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್ 2.8ಕ್ಕೆ ತೆರೆದರೂ ಐಎಸ್ಒ 6400 ಮುಟ್ಟುತ್ತದೆ. ಮುಖವರ್ಣಿಕೆಯ ಕೆಂಪು, ಕಿರೀಟದ ಚಿನ್ನದ ಬಣ್ಣ ಎರಡೂ ಹಾಳಾಗಬಾರದು ಎಂದರೆ ಇಲ್ಲಿ ಫುಲ್ ಫ್ರೇಮ್ ತನ್ನ ಬೆಲೆ ತೀರಿಸುತ್ತದೆ. ಕಾಳು ತೆಗೆಯುವ ಸಾಫ್ಟ್‌ವೇರ್ ಈಗ ಬಹಳ ಸುಧಾರಿಸಿದೆ, ನಿಜ. ಆದರೂ ನೂರರಲ್ಲಿ ಐವತ್ತು ಚಿತ್ರ ಇಂಥವೇ ಆದರೆ ದೊಡ್ಡ ಸೆನ್ಸರ್ ಕೊಳ್ಳಿ, ಯೋಚನೆ ಬೇಡ.

ಲೆನ್ಸಿನ ಗುಣಾಕಾರ

ಸೆನ್ಸರ್ ಚಿಕ್ಕದಾದಷ್ಟೂ ಅದೇ ಲೆನ್ಸಿನಲ್ಲಿ ದೂರದ್ದು ಹತ್ತಿರ ಕಾಣುತ್ತದೆ. ಎಷ್ಟು ಪಟ್ಟು? ಎಪಿಎಸ್-ಸಿಗೆ ಒಂದೂವರೆ (ಕ್ಯಾನನ್‌ಗೆ 1.6), ಮೈಕ್ರೋ ಫೋರ್ ಥರ್ಡ್ಸ್‌ಗೆ ಎರಡು. 300 ಮಿ.ಮೀ. ಲೆನ್ಸ್ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 600ರಷ್ಟು ಹತ್ತಿರ ಕಾಣಿಸುತ್ತದೆ. ಒಲಿಂಪಸ್‌ನ (ಈಗ ಒಎಂ ಸಿಸ್ಟಮ್) 300 ಎಫ್ 4 ಲೆನ್ಸ್ ಒಂದೂವರೆ ಕೆಜಿಯೊಳಗೆ ಇದೆ. ಸೋನಿಯ 600 ಎಫ್ 4 ಮೂರು ಕೆಜಿ, ಆ ದುಡ್ಡಿಗೆ ಒಂದು ಕಾರು ಬರುತ್ತದೆ.

ಅಂಗಡಿಯವರು ಇಲ್ಲಿಗೇ ನಿಲ್ಲಿಸುತ್ತಾರೆ. ಪೂರ್ತಿ ಲೆಕ್ಕ ಹಾಕಿದರೆ ಅಪರ್ಚರನ್ನೂ ಗುಣಿಸಬೇಕು. ಹಿನ್ನೆಲೆ ಮಸುಕಾಗುವುದರಲ್ಲಿ, ಕಾಳು ಕಾಣುವುದರಲ್ಲಿ ಆ ಎಫ್ 4, ಫುಲ್ ಫ್ರೇಮಿನ ಎಫ್ 8ಕ್ಕೆ ಸಮ. ಶಟರ್ ವೇಗ ಮಾತ್ರ ಎಫ್ 4ರದ್ದೇ. ಬಿಸಿಲಲ್ಲಿ ಹಕ್ಕಿ ತೆಗೆಯುವವರಿಗೆ ಇದರಿಂದ ನಷ್ಟ ಕಡಿಮೆ. ಸಂಜೆಯ ಮಬ್ಬಿನಲ್ಲಿ ಕಬಿನಿಯ ಜೀಪಿನಲ್ಲಿ ಕೂತವರಿಗೆ ಜಾಸ್ತಿ.

‘ಫುಲ್ ಫ್ರೇಮ್ ತಗೊಂಡು ಆಮೇಲೆ ಕ್ರಾಪ್ ಮಾಡ್ತೀನಿ’ ಅನ್ನುವವರಿದ್ದಾರೆ. ಮಾಡಬಹುದು. 45 ಮೆಗಾಪಿಕ್ಸೆಲ್ ಇದ್ದರೆ ಎಪಿಎಸ್-ಸಿ ಅಳತೆಗೆ ಕತ್ತರಿಸಿದ ಮೇಲೂ 20 ಉಳಿಯುತ್ತದೆ. 24 ಇದ್ದರೆ ಉಳಿಯುವುದು ಹತ್ತೇ ಚಿಲ್ಲರೆ.

ಮದುವೆ, ಮುಖ, ಮಕ್ಕಳ ಚಿತ್ರ ತೆಗೆಯುವವರಿಗೆ ಲೆಕ್ಕ ತಿರುಗುಮುರುಗು. ಫುಲ್ ಫ್ರೇಮಿನ ಅಗ್ಗದ 50 ಎಫ್ 1.8 ಕೊಡುವ ಮಸುಕು ಎಪಿಎಸ್-ಸಿಯಲ್ಲಿ ಬರಬೇಕಾದರೆ ಸುಮಾರು 33ರ ಎಫ್ 1.2 ಬೇಕು. ಆಟೋಫೋಕಸ್ ಇರುವಂಥದ್ದು ಅಗ್ಗಕ್ಕೆ ಸಿಗುವುದು ಕಷ್ಟ. ಮ್ಯಾಕ್ರೋದವರಿಗೆ, ಅಂದರೆ ಪುಟ್ಟ ಜೀವಿಗಳನ್ನು ತೀರಾ ಹತ್ತಿರದಿಂದ ತೆಗೆಯುವವರಿಗೆ, ಮತ್ತೆ ಉಲ್ಟಾ. ಆಗುಂಬೆಯ ಮಳೆಯಲ್ಲಿ ಕಾಲಿನ ಇಂಬಳ ಕೀಳುತ್ತಾ ಕಪ್ಪೆಯ ಎದುರು ಕುಕ್ಕರಗಾಲಲ್ಲಿ ಕೂತವರಿಗೆ ಮೂತಿಯಿಂದ ಕಣ್ಣಿನವರೆಗೆ ಎಲ್ಲವೂ ಚೂಪಾಗಿ ಬೇಕು. ಚಿಕ್ಕ ಸೆನ್ಸರ್, ಚಿಕ್ಕ ಲೆನ್ಸ್ ಅಲ್ಲಿ ಸುಖ.

ಈಗ ಅಕ್ಕಿ

ಸೋನಿಯ 200-600 ಲೆನ್ಸ್ ಒಂದೇ ಎರಡು ಕೆಜಿ ಮೀರುತ್ತದೆ. ಬಾಡಿ ಸೇರಿದರೆ ಮೂರರ ಹತ್ತಿರ. ಮೂರು ಕೆಜಿ ಅಕ್ಕಿ ತೂಗಿ ಚೀಲಕ್ಕೆ ಹಾಕಿ, ಒಂದೇ ಹೆಗಲಿಗೆ ನೇತುಹಾಕಿ ಒಂದು ಗಂಟೆ ನಡೆಯಿರಿ. ಮಧ್ಯೆ ಮಧ್ಯೆ ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಮಟ್ಟಕ್ಕೆ ಎತ್ತಿ ಇಪ್ಪತ್ತು ಎಣಿಸಿ. ‘ಅಕ್ಕಿ ತಗೊಂಡು ಎಲ್ಲಿಗೆ ಹೊರಟ್ರಿ?’ ಎಂದು ಮನೆಯವರು ನಕ್ಕರೆ ನಗಲಿ. ಮರುದಿನ ಎರಡು ಕೆಜಿಗೆ ಇಳಿಸಿ ನೋಡಿ. ಆ ಒಂದು ಕೆಜಿ ಏನೆಂದು ಯಾವ ಯೂಟ್ಯೂಬ್ ವಿಡಿಯೊ ಕೂಡ ಹೇಳಲಾರದು.

ಫುಲ್ ಫ್ರೇಮ್ ಅಂದರೆ ಭಾರವೇ ಎಂದೂ ಇಲ್ಲ. ಕ್ಯಾನನ್‌ನ ಆರ್‌ಎಫ್ 100-400 ತೂಗುವುದು 635 ಗ್ರಾಂ. ಆದರೆ 400ರ ತುದಿಯಲ್ಲಿ ಅಪರ್ಚರ್ ಎಫ್ 8. ಮೇಲಿನ ಗುಣಾಕಾರ ನೆನಪಿಸಿಕೊಳ್ಳಿ, ಸುಮ್ನೆ ಏನೂ ಸಿಗುವುದಿಲ್ಲ.

ಮೌಂಟ್ ನೋಡಿ, ಬಾಡಿಗೆಗೆ ತನ್ನಿ

‘ಸದ್ಯಕ್ಕೆ ಚಿಕ್ಕದು, ಮುಂದೆ ದೊಡ್ಡದು’ ಎಂಬ ಯೋಚನೆ ಇದ್ದರೆ ಮೌಂಟ್, ಅಂದರೆ ಲೆನ್ಸ್ ಕೂರಿಸುವ ಬಾಯಿ, ಮುಖ್ಯ. ನಿಕಾನ್ ಝಡ್, ಕ್ಯಾನನ್ ಆರ್‌ಎಫ್, ಸೋನಿ ಇ ಮೌಂಟ್‌ಗಳಲ್ಲಿ ಎರಡೂ ಅಳತೆಯ ಬಾಡಿ ಇವೆ. ಇಂದು ಫುಲ್ ಫ್ರೇಮ್ ಲೆನ್ಸ್ ಕೊಂಡು ಚಿಕ್ಕ ಸೆನ್ಸರಿನ ಬಾಡಿಯ ಮೇಲೆ ಹಾಕಿದರೆ ನಾಳೆ ಅದೇ ಮುಂದುವರಿಯುತ್ತದೆ. ಫ್ಯೂಜಿ ಎಕ್ಸ್ ಮತ್ತು ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಆ ದಾರಿ ಇಲ್ಲ, ಅಲ್ಲಿ ಫುಲ್ ಫ್ರೇಮ್ ಬಾಡಿಯೇ ಇಲ್ಲ.

ಬೆಂಗಳೂರಿನಂಥ ಊರಲ್ಲಿ ಕ್ಯಾಮೆರಾ ದಿನದ ಬಾಡಿಗೆಗೆ ಸಿಗುತ್ತದೆ. ಶನಿವಾರ ಒಂದು, ಮುಂದಿನ ಶನಿವಾರ ಇನ್ನೊಂದು ತನ್ನಿ. ಅಂಗಡಿ ಮುಂದಿನ ರಸ್ತೆಯಲ್ಲಲ್ಲ, ನೀವು ನಿಜವಾಗಿ ಹೋಗುವ ಕೆರೆಗೆ, ಆಟಕ್ಕೆ ತೆಗೆದುಕೊಂಡು ಹೋಗಿ. ನಾನು ಕೊನೆಗೆ ಮಾಡಿದ್ದು ಅದನ್ನೇ. ಫುಲ್ ಫ್ರೇಮ್ ಆಟಕ್ಕೆ ಉಳಿಯಿತು, ಹಕ್ಕಿಗೆ ಒಂದು ಸೆಕೆಂಡ್ ಹ್ಯಾಂಡ್ ಚಿಕ್ಕದು ಬಂತು.

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವುದಾದರೆ ಟಾರ್ಚ್ ಒಯ್ಯಿರಿ. ಒಂದು ಕಡೆಯಿಂದ ಬೆಳಕು ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಬೆಲೆ ಎಷ್ಟೇ ಇಳಿಸಿದರೂ ಬೇಡ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಕಳೆದ ಲೆನ್ಸಾದರೆ ಎರಡು ಸಲ ನೋಡಿ.