ಕಕ್ಕಡದ ಚಳಿಯಲ್ಲಿ ಏಳು ಪಟ್ಟೆ ಹಿಡಿಯುವುದು

ಹಣ್ಣುನೊಣದ ಭ್ರೂಣದಲ್ಲಿ ಈವನ್-ಸ್ಕಿಪ್ಡ್ ಎಂಬ ಜೀನ್ ಏಳು ಪಟ್ಟೆಗಳಾಗಿ ಚುರುಕಾಗುತ್ತದೆ. ಅರ್ಧ ಮಿಲಿಮೀಟರ್ ಉದ್ದದ ಮೊಟ್ಟೆಯೊಳಗೆ ಮೈಯ ಖಂಡಗಳು ಗೊತ್ತಾಗುತ್ತಿರುವ ಹೊತ್ತದು. ಆ ಪಟ್ಟೆಗಳನ್ನು ಫ್ಲೋರೆಸೆಂಟ್ ಬಣ್ಣದಲ್ಲಿ ಬೆಳಗಿಸುವ ಕೆಲಸ ನನ್ನದು. ಮಡಿಕೇರಿಯ ನಮ್ಮ ಲ್ಯಾಬಿನಲ್ಲಿ ಇದಕ್ಕೆ ಮೊದಲು ನೋಡಬೇಕಾದದ್ದು ಹವೆಯನ್ನು.

ಪ್ರಯೋಗದ ಪ್ರೋಟೋಕಾಲ್‌ಗಳಲ್ಲಿರುವ ಲೆಕ್ಕ 25 ಡಿಗ್ರಿಯದ್ದು. ಆ ಶಾಖದಲ್ಲಿ ಮೊಟ್ಟೆಯಿಟ್ಟು ಸುಮಾರು ಮೂರು ಗಂಟೆ ಕಳೆಯುವ ಹೊತ್ತಿಗೆ ಪಟ್ಟೆಗಳು ಸಿಗುತ್ತವೆ. ಕೊಡಗಿನ ಜಡಿಮಳೆಯ ಕಕ್ಕಡ ತಿಂಗಳಲ್ಲಿ ನಮ್ಮ ಕೋಣೆ 20ಕ್ಕಿಂತ ಕೆಳಗಿಳಿಯುತ್ತದೆ. 18 ಡಿಗ್ರಿಯಲ್ಲಿ ಬೆಳವಣಿಗೆಗೆ ಹೆಚ್ಚುಕಡಿಮೆ ಎರಡರಷ್ಟು ಸಮಯ ಬೇಕು. ಹಾಗಾಗಿ ಗಡಿಯಾರ ಬಿಟ್ಟು ಭ್ರೂಣವನ್ನೇ ನೋಡುತ್ತೇನೆ. ದ್ರಾಕ್ಷಿರಸದ ಅಗರ್ ಪ್ಲೇಟಿನಿಂದ ಒಂದೆರಡು ಮೊಟ್ಟೆ ತೆಗೆದು ಹ್ಯಾಲೋಕಾರ್ಬನ್ ಎಣ್ಣೆಯ ಹನಿಯಲ್ಲಿಟ್ಟರೆ ಹೊರಚಿಪ್ಪು ತಿಳಿಯಾಗಿ ಒಳಗಿನದೆಲ್ಲ ಕಾಣುತ್ತದೆ: ಅಂಚಿನುದ್ದಕ್ಕೂ ನ್ಯೂಕ್ಲಿಯಸ್‌ಗಳ ಸಾಲು, ಅವುಗಳ ಸಂದಿಯಲ್ಲಿ ಒಳಕ್ಕೆ ಇಳಿಯುತ್ತಿರುವ ಪೊರೆ. ಪೊರೆ ಅರ್ಧ ಇಳಿಯಿತೋ, ಇನ್ನು ತಡಮಾಡುವಂತಿಲ್ಲ. ಮೊಟ್ಟೆಗಳನ್ನು ಜಾಲರಿಗೆ ಬಳಿದುಕೊಂಡು, ಬ್ಲೀಚಿನಲ್ಲಿ ಚಿಪ್ಪು ತೆಗೆದು, ಫ್ಯೂಮ್ ಹುಡ್‌ನೊಳಗೆ ಹೆಪ್ಟೇನ್ ಮತ್ತು ಫಾರ್ಮಾಲ್ಡಿಹೈಡಿಗೆ ಹಾಕುತ್ತೇನೆ. ಆಮೇಲೆ ಮೆಥನಾಲ್ ಸುರಿದು ಜೋರಾಗಿ ಕುಲುಕಿದರೆ ಚಿಪ್ಪಿನ ಒಳಪೊರೆ ಕಳಚಿದ ಭ್ರೂಣಗಳು ತಳ ಸೇರುತ್ತವೆ. ನಡುವೆ ನಿಂತವನ್ನು ಚೆಲ್ಲಿಬಿಡುತ್ತೇನೆ.

ಬಣ್ಣಕ್ಕೆ ನಾನು ನೆಚ್ಚಿಕೊಂಡಿರುವುದು ಎಚ್‌ಸಿಆರ್ (ಹೈಬ್ರಿಡೈಸೇಶನ್ ಚೈನ್ ರಿಯಾಕ್ಷನ್) ವಿಧಾನವನ್ನು. 2004ರಲ್ಲಿ ಡರ್ಕ್ಸ್ ಮತ್ತು ಪಿಯರ್ಸ್ ಪ್ರಕಟಿಸಿದ ಉಪಾಯ ಇದು. 2018ರಲ್ಲಿ ಬಂದ ಮೂರನೇ ರೂಪದಲ್ಲಿ ಎರಡು ಪ್ರೋಬ್‌ಗಳು, ಅಂದರೆ ಜೀನನ್ನು ಹುಡುಕುವ ಡಿಎನ್‌ಎ ತುಣುಕುಗಳು, ಆ ಜೀನಿನ ಆರ್‌ಎನ್‌ಎಯ ಮೇಲೆ ಅಕ್ಕಪಕ್ಕ ಕೂತರಷ್ಟೇ ಹೇರ್‌ಪಿನ್‌ಗಳ, ಅಂದರೆ ಬಣ್ಣ ಹೊತ್ತು ಮಡಚಿಕೊಂಡಿರುವ ಡಿಎನ್‌ಎ ತುಣುಕುಗಳ, ಸರಪಳಿ ಶುರುವಾಗುತ್ತದೆ. ಒಂಟಿ ಪ್ರೋಬ್ ಎಲ್ಲೋ ಅಂಟಿಕೊಂಡರೂ ಬೆಳಕು ಹೊತ್ತುವುದಿಲ್ಲ. ಈ ಜಾಣತನ ನನಗೆ ಬಲು ಇಷ್ಟ.

ಪ್ರೋಬ್ ಕೂರಲು ರಾತ್ರಿಯಿಡೀ 37 ಡಿಗ್ರಿ ಬೇಕು. ಗಾಳಿಮಳೆಗೆ ಕರೆಂಟು ಹೋದರೆ ಟ್ಯೂಬುಗಳನ್ನು ಅಷ್ಟೇ ಬಿಸಿಯ ನೀರು ತುಂಬಿದ ಅಗಲ ಬಾಯಿಯ ಫ್ಲಾಸ್ಕಿಗೆ ಇಳಿಬಿಡುತ್ತೇನೆ. ಮಾರನೆಯ ದಿನ ಎರಡು ಬಗೆಯ ಹೇರ್‌ಪಿನ್‌ಗಳನ್ನು ಬೇರೆಬೇರೆಯಾಗಿಯೇ 95 ಡಿಗ್ರಿಯಲ್ಲಿ 90 ಸೆಕೆಂಡು ಕಾಯಿಸಿ, ಕತ್ತಲಲ್ಲಿ ಅರ್ಧ ಗಂಟೆ ಆರಿಸಿ, ಆಮೇಲೆ ಕೂಡಿಸುತ್ತೇನೆ. ‘ಕೋಣೆಯ ಉಷ್ಣತೆ’ ಎಂದು ಬರೆದಲ್ಲೆಲ್ಲ ನಾನು ಇನ್‌ಕ್ಯುಬೇಟರನ್ನು 25ಕ್ಕೆ ಇಡುತ್ತೇನೆ.

ಎರಡು ಜೀನ್ ಒಟ್ಟಿಗೆ ನೋಡುವಾಗ ಹಸಿರು ಚಾನೆಲ್ ಬೇಡ. ಮೊಟ್ಟೆಯೊಳಗಿನ ಭಂಡಾರ (ಯೋಕ್) ತಾನೇ ಹಸಿರಾಗಿ ಮಿನುಗುತ್ತದೆ. ಈವನ್-ಸ್ಕಿಪ್ಡ್‌ಗೆ 546 ಎಂಬ ಬಣ್ಣ, ಫುಶಿ ತರಾಜು ಎಂಬ ಇನ್ನೊಂದು ಪಟ್ಟೆ ಜೀನಿಗೆ 647 ಎಂಬ ಕಡುಗೆಂಪು ಬಣ್ಣ ಕೊಟ್ಟರೆ ಪಟ್ಟೆಗಳು ಒಂದು ಬಿಟ್ಟು ಒಂದರಂತೆ ನಿಲ್ಲುತ್ತವೆ. 647 ಕಣ್ಣಿಗೆ ಸರಿಯಾಗಿ ಕಾಣದು, ಅದನ್ನು ಕ್ಯಾಮೆರಾದಲ್ಲೇ ನೋಡಬೇಕು.

ಪ್ರತಿ ಸಲವೂ ಪ್ರೋಬ್ ಇಲ್ಲದೆ ಹೇರ್‌ಪಿನ್ ಮಾತ್ರ ಹಾಕಿದ ಒಂದು ಟ್ಯೂಬು ಜೊತೆಗಿರುತ್ತದೆ. ಅದರಲ್ಲೂ ಅಷ್ಟೇ ಬೆಳಕು ಕಂಡರೆ ಆವತ್ತಿನ ಯಾವ ಚಿತ್ರವನ್ನೂ ನಾನು ಯಾರಿಗೂ ತೋರಿಸುವುದಿಲ್ಲ.